ಕಥೆಯ ಊರು, ಓದುಗನ ಊರು

ಕಥೆಯನ್ನು ಕೇಳುವವನಾಗಲಿ ಓದುವವನಾಗಲಿ ಅದು ನಡೆಯುವ ಸ್ಥಳವನ್ನು ಬರಿದಾಗಿ ಬಿಡುವುದಿಲ್ಲ. ಕವಿಯು ಊರಿನ ಹೆಸರನ್ನು ಹೇಳಿರಲಿ, ಹೇಳದಿರಲಿ, ಕೇಳುವವನ ಮನಸ್ಸಿನಲ್ಲಿ ಒಂದು ಊರು ಎದ್ದು ನಿಲ್ಲುತ್ತದೆ. ಅದಕ್ಕೊಂದು ಅಗಸೆ, ಒಂದು ಬಾವಿ, ಒಂದು ಗುಡಿ, ಗುಡಿಯ ಮುಂದೊಂದು ಕಟ್ಟೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಇವುಗಳಲ್ಲಿ ಕವಿ ಕೊಟ್ಟದ್ದು ಎಷ್ಟು, ನಾವು ತಂದು ಸೇರಿಸಿದ್ದು ಎಷ್ಟು ಎಂದು ವಿಚಾರಿಸುವವರು ವಿರಳ. ಪಾತ್ರ, ರಸ, ಅಲಂಕಾರ, ಛಂದಸ್ಸುಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಓದುಗನು ತನಗರಿವಿಲ್ಲದೆಯೇ ಕಾವ್ಯದೊಳಕ್ಕೆ ಹೊತ್ತು ತರುವ ಈ ಊರಿನ ವಿಷಯ ಅಷ್ಟಾಗಿ ವಿಮರ್ಶೆಗೆ ಬಂದಂತೆ ತೋರುವುದಿಲ್ಲ. ಅದನ್ನು ಕುರಿತು ಕೆಲವು ಮಾತುಗಳನ್ನು ಸಹೃದಯರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಒಮ್ಮೆ ರಾಘವಾಂಕನ ಹರಿಶ್ಚಂದ್ರಕಾವ್ಯದ ಭಾಗವೊಂದನ್ನು ಪಾಠ ಮಾಡಿ ಮುಗಿಸಿದ ಮೇಲೆ, ಚಂದ್ರಮತಿಯು ಮಗನ ಶವವನ್ನು ಹೊತ್ತು ತಂದ ಕಾಶಿಯ ಸ್ಮಶಾನದ ಚಿತ್ರವನ್ನು ಬರೆದು ತನ್ನಿರೆಂದು ಮಕ್ಕಳಿಗೆ ಹೇಳಿದೆ. ಮಾರನೆಯ ದಿನ ಬಂದ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಊರ ಹೊರಗಿನ ಹೊಲದ ಅಂಚು, ಒಂದೆರಡು ಬನ್ನಿಯ ಮರ, ಸಾಲುಸಾಲಾಗಿ ಮಣ್ಣಿನ ದಿಬ್ಬಗಳು, ಒಂದೆರಡು ಕಲ್ಲಿನ ಗದ್ದುಗೆಗಳು. ಗಂಗೆಯೂ ಇರಲಿಲ್ಲ, ಚಿತೆಯೂ ಇರಲಿಲ್ಲ. ಶವವನ್ನು ಹೂಳುವ ಸಂಪ್ರದಾಯದ ಮನೆಗಳಿಂದ ಬಂದ ಮಕ್ಕಳಿಗೆ ಸ್ಮಶಾನವೆಂದರೆ ತಮ್ಮ ಊರಿನ ರುದ್ರಭೂಮಿ. ಕಾಶಿ ಎಂಬ ಹೆಸರು ಪಾಠದಲ್ಲಿ ಮತ್ತೆ ಮತ್ತೆ ಬಂದಿದ್ದರೂ ಅವರ ಕಣ್ಣಿಗೆ ಕಂಡದ್ದು ಅದೇ.

ನಾನು ಅಂದು ನಕ್ಕು ಸುಮ್ಮನಾದೆ. ಆದರೆ ಆ ಚಿತ್ರಗಳಲ್ಲಿ ಅಡಗಿದ್ದ ತೊಡಕು ಆಮೇಲೆ ಹೊಳೆಯಿತು. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದ್ದ ಪ್ರಶ್ನೆಯೊಂದಕ್ಕೆ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಮಗನನ್ನು ಮಣ್ಣು ಮಾಡಲು ಸುಂಕವೇಕೆ, ನೆಲವನ್ನು ಅಗೆದರೆ ಸಾಲದೆ ಎಂಬುದು ಅವಳ ಪ್ರಶ್ನೆ. ವೀರಬಾಹುಕನ ಆಳಾಗಿ ಕಾಶಿಯ ಸುಡುಗಾಡನ್ನು ಕಾಯುತ್ತಿರುವ ಹರಿಶ್ಚಂದ್ರನು ತನ್ನ ಮಗನ ಹೆಣಕ್ಕೇ ಸುಂಕವನ್ನು ಕೇಳುತ್ತಾನೆ. ಒಡೆಯನಿಗೆ ಸಲ್ಲಬೇಕಾದ ಆ ಸುಂಕವನ್ನು ಬಿಟ್ಟುಕೊಡಲಾರನು. ಕಾವ್ಯದ ಕರುಣರಸವೆಲ್ಲ ಇಲ್ಲಿ ಮಡುಗಟ್ಟಿದೆ. ಹಗಲಿರುಳೆನ್ನದೆ ಹೆಣ ಸುಡುವ, ಸುಡುವುದಕ್ಕೆ ತೆರಿಗೆಯಿರುವ, ಆ ತೆರಿಗೆಯಿಂದಲೇ ಒಬ್ಬನು ಧನಿಕನಾಗಿರುವ ಮಹಾನಗರವೊಂದನ್ನು ಕಲ್ಪಿಸಿಕೊಳ್ಳದೆ ಈ ಸನ್ನಿವೇಶದ ಬಿಸಿ ತಟ್ಟುವುದಿಲ್ಲ. ತಮ್ಮ ಊರಿನ ರುದ್ರಭೂಮಿಯನ್ನು ಅಲ್ಲಿಟ್ಟುಕೊಂಡ ಮಕ್ಕಳಿಗೆ ಸತ್ಯವ್ರತವು ವ್ರತವಾಗಿ ಕಾಣದೆ ಬರಿಯ ಹಟವಾಗಿ ಕಂಡಿತು. ಊರು ತಪ್ಪಿದರೆ ರಸವೂ ತಪ್ಪುತ್ತದೆ ಎಂಬುದನ್ನು ನನಗೆ ಕಲಿಸಿದವಳು ಆ ಹುಡುಗಿ.

ಹಾಗೆಂದು ಇದನ್ನು ಮಕ್ಕಳ ದೋಷವೆನ್ನುವಂತಿಲ್ಲ. ಕಂಡರಿಯದ ಸ್ಥಳವನ್ನು ಕಂಡರಿತ ಸ್ಥಳದ ಮೂಲಕವೇ ಮನಸ್ಸು ಗ್ರಹಿಸಬೇಕು. ಅದಕ್ಕೆ ಬೇರೆ ದಾರಿಯಿಲ್ಲ. ಕವಿಗಳು ಈ ಸ್ವಭಾವವನ್ನು ಬಲ್ಲವರಾಗಿ ಅದನ್ನು ಬಳಸಿಕೊಂಡಿರುವುದೂ ಉಂಟು. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನು ತನಗೆ ಆಶ್ರಯವಿತ್ತ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ಭಾರತದ ಕಥೆಯನ್ನು ಹೇಳಿದನು. ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತಂದು, ಆ ನಾಡಿನ ಸೊಬಗನ್ನು ಮನಸಾರ ಬಣ್ಣಿಸಿದನು. ಕುರುಕ್ಷೇತ್ರದ ವೀರನು ಕನ್ನಡನಾಡಿನ ಮಾವು ಮಲ್ಲಿಗೆಗಳ ನಡುವೆ ನಿಂತನು. ಇಲ್ಲಿ ಊರನ್ನು ಬದಲಿಸಿದವನು ಸ್ವತಃ ಕವಿ. ಬದಲಿಸಿದ್ದೇನೆಂಬುದನ್ನು ಬಲ್ಲವನೂ ಅವನೇ. ಅವನಿಗೆ ಅದರಲ್ಲಿ ಒಂದು ಉದ್ದೇಶವಿತ್ತು. ಓದುಗನು ಮಾಡುವ ಬದಲಾವಣೆ ಹಾಗಲ್ಲ. ತಾನು ಬದಲಿಸಿದ್ದೇನೆಂಬ ಎಚ್ಚರವೇ ಅವನಿಗಿರುವುದಿಲ್ಲ. ಕವಿಯ ಸ್ವಾತಂತ್ರ್ಯಕ್ಕೂ ಓದುಗನ ಅಭ್ಯಾಸಬಲಕ್ಕೂ ಇರುವ ಅಂತರ ಇದೇ.

ಓದುಗನು ಹೀಗೆ ತಂದು ಸೇರಿಸುವ ಊರು ಸಾಮಾನ್ಯವಾಗಿ ಮೂರು ಮೂಲಗಳಿಂದ ಬರುತ್ತದೆ. ಮೊದಲನೆಯದು ಅವನು ಹುಟ್ಟಿ ಬೆಳೆದ ಊರು. ಶಾಲೆಯ ಮಕ್ಕಳ ಚಿತ್ರಗಳಲ್ಲಿ ಕಂಡದ್ದು ಇದು. ಎರಡನೆಯದು ಅವನು ಕಂಡಿರುವ ದೃಶ್ಯದ ಊರು. ನಾಟಕ, ಚಲನಚಿತ್ರ, ದೂರದರ್ಶನಗಳು ಕಣ್ಣಿಗೆ ಕಟ್ಟಿದ ಊರು. ಮೂರನೆಯದು ಕೇಳಿ ಕೇಳಿ ಮನಸ್ಸಿನಲ್ಲಿ ನೆಲೆಯೂರಿದ, ಕೀರ್ತಿವೆತ್ತ ಊರು. ಈ ಕಡೆಯದೇ ಶರಣ ಸಾಹಿತ್ಯವನ್ನು ಓದುವವರಿಗೆ ಹೆಚ್ಚು ಸಂಬಂಧಿಸಿದ್ದು. ಅದಕ್ಕೆ ಮೊದಲು ಎರಡನೆಯದಕ್ಕೆ ಒಂದು ಉದಾಹರಣೆಯನ್ನು ನೋಡಬಹುದು.

ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿಯೇ ಮಾಲ್ಗುಡಿ ಎಂಬ ಊರನ್ನು ಸೃಷ್ಟಿಸಿದರು. ಅವರು ಮೈಸೂರಿನಲ್ಲಿ ನೆಲೆಸಿದ್ದವರು, ಬರೆದುದು ಇಂಗ್ಲಿಷಿನಲ್ಲಿ. ಆ ಊರು ಯಾವ ಭೂಪಟದಲ್ಲಿಯೂ ಇಲ್ಲ. ಅದರ ಮಗ್ಗುಲಲ್ಲಿ ಹರಿಯುವ ಹೊಳೆಗೆ ಅವರು ಇಟ್ಟ ಹೆಸರು ಸರಯೂ; ಅದು ಅಯೋಧ್ಯೆಯ ನದಿಯ ಹೆಸರು. ಊರನ್ನು ಭೂಪಟದಲ್ಲಿ ಹುಡುಕಬೇಡಿರೆಂದು ಹೇಳಲು ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ಅವರ ಎರಡನೆಯ ಕಾದಂಬರಿಯ ನಾಯಕ ಚಂದ್ರನ್ ಮನನೊಂದು ಊರು ಬಿಟ್ಟಾಗ ರೈಲು ಹತ್ತಿ ಹೋಗುವುದು ಮದರಾಸಿಗೆ. ಆದರೆ 1980ರ ದಶಕದಲ್ಲಿ ಶಂಕರನಾಗ್ ನಿರ್ದೇಶಿಸಿದ ದೂರದರ್ಶನದ ಧಾರಾವಾಹಿಯ ಚಿತ್ರೀಕರಣ ಮಲೆನಾಡಿನ ಆಗುಂಬೆಯಲ್ಲಿ ನಡೆಯಿತು. ಅಂದಿನಿಂದ ನಮ್ಮವರಿಗೆ ಮಾಲ್ಗುಡಿ ಎಂದರೆ ಹೆಂಚಿನ ಮನೆ, ಮರದ ಕಂಬಗಳ ಪಡಸಾಲೆ, ಬಿಡದೆ ಸುರಿಯುವ ಮಳೆ. ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ 2020ರಲ್ಲಿ ಅದೇ ಹೆಸರಿನ ವಸ್ತುಸಂಗ್ರಹಾಲಯವೂ ಆರಂಭವಾಯಿತು. ಅಭಿಮಾನದ ದೃಷ್ಟಿಯಿಂದ ಇದು ಸಂತೋಷದ ಸಂಗತಿಯೇ. ಆದರೆ ವಿದ್ಯಾರ್ಥಿಯೊಬ್ಬನು ಈಗ ಆ ಕಾದಂಬರಿಗಳನ್ನು ಓದಲು ಕುಳಿತರೆ, ಬರೆಹದಲ್ಲಿ ಇಲ್ಲದ ಮಳೆ ಅವನ ಮನಸ್ಸಿನಲ್ಲಿ ಸುರಿಯುತ್ತಿರುತ್ತದೆ. ನಿರ್ದೇಶಕನ ಆಯ್ಕೆಯನ್ನು ಕಾದಂಬರಿಕಾರನ ಮಾತೆಂದು ಅವನು ನಂಬಿರುತ್ತಾನೆ.

ಇನ್ನು ಮೂರನೆಯದಕ್ಕೆ ಬರೋಣ. ಕೀರ್ತಿವೆತ್ತ ಊರು ಹೇಗೆ ನಮ್ಮನ್ನು ಆಳುತ್ತದೆ ಎಂಬುದಕ್ಕೆ ಅಲ್ಲಮಪ್ರಭುವಿನ ಪೂರ್ವಕಥೆಯಷ್ಟು ಒಳ್ಳೆಯ ನಿದರ್ಶನ ಮತ್ತೊಂದಿಲ್ಲ. ಪ್ರಭುದೇವರು ಹುಟ್ಟಿ ಬೆಳೆದದ್ದು ಎಲ್ಲಿ ಎಂದು ಕೇಳಿದರೆ, ಚಾಮರಸನನ್ನು ಓದಿದವರೂ ಪುರಾಣಪ್ರವಚನ ಕೇಳಿದವರೂ ತಡಮಾಡದೆ ಬನವಾಸಿ ಎನ್ನುತ್ತಾರೆ. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುವ ಅಲ್ಲಮ, ಅದಕ್ಕೆ ಮನಸೋತ ರಾಜಕುಮಾರಿ ಮಾಯಾದೇವಿ, ಇವರ ಚಿತ್ರ ನಮ್ಮ ಕಣ್ಣಮುಂದೆ ನಿಂತಿದೆ. ಆದರೆ ಚಾಮರಸನಿಗಿಂತ ಸುಮಾರು ಎರಡು ಶತಮಾನ ಹಿಂದಿನವನಾದ ಹರಿಹರನು ತನ್ನ ಪ್ರಭುದೇವರ ರಗಳೆಯಲ್ಲಿ ಹೇಳುವ ಊರು ಬಳ್ಳಿಗಾವೆ. ಅಲ್ಲಿ ಮಾಯಾದೇವಿಯಿಲ್ಲ, ಕಮಲತೆಯಿದ್ದಾಳೆ. ಅಲ್ಲಮನು ಅವಳನ್ನು ಒಲಿದು ಕೂಡಿ ಬಾಳುತ್ತಾನೆ. ಅವಳು ಜ್ವರ ಬಂದು ತೀರಿಕೊಳ್ಳುತ್ತಾಳೆ. ದುಃಖದಿಂದ ಮರುಳಾದ ಅಲ್ಲಮನು ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನಕಳಸವೊಂದು ಕಾಣುತ್ತದೆ. ಅಗೆಯಿಸಿ ನೋಡಿದರೆ ಹುದುಗಿದ್ದ ಗುಡಿ. ಒಳಗೆ ಅನಿಮಿಷನೆಂಬ ಯೋಗಿ. ಅವನ ಕೈಯಿಂದ ಅಲ್ಲಮನಿಗೆ ಲಿಂಗ ದೊರೆಯುತ್ತದೆ.

ಈ ಎರಡು ಊರುಗಳಲ್ಲಿ ಯಾವುದು ಸರಿ ಎಂಬುದು ಚರಿತ್ರಕಾರರ ಪ್ರಶ್ನೆ. ವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ. ಈ ಎರಡು ಕಾವ್ಯಗಳಲ್ಲಿ ಊರು ಮಾಡುವ ಕೆಲಸವೇನು? ಹರಿಹರನ ಬಳ್ಳಿಗಾವೆ ಮಣ್ಣಿನ ಊರು. ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿರುವ ಆ ಊರು ಚಾಲುಕ್ಯರ ಕಾಲದಲ್ಲಿ ಗುಡಿಗಳಿಂದಲೂ ಮಠಗಳಿಂದಲೂ ತುಂಬಿದ್ದ ಪಟ್ಟಣ. ಅಲ್ಲಿಯ ಕೋಡಿಯಮಠ ಕಾಳಾಮುಖರ ದೊಡ್ಡ ಕೇಂದ್ರವಾಗಿತ್ತು. ಕೇದಾರೇಶ್ವರನ ಗುಡಿಯನ್ನು ಇಂದಿಗೂ ನೋಡಬಹುದು. ಇಂತಹ ಊರಿನಲ್ಲಿ ಮದ್ದಳೆಗಾರನೊಬ್ಬನಿದ್ದ, ಅವನು ಪ್ರೀತಿಸಿದ, ಕಳೆದುಕೊಂಡ, ಅತ್ತ ಎಂದರೆ ನಂಬುವುದು ಕಷ್ಟವಲ್ಲ. ನೆಲವನ್ನು ಕೆರೆದಾಗ ಗುಡಿ ಸಿಕ್ಕುವುದೂ ಅಂತಹ ನೆಲದಲ್ಲಿಯೇ. ಹರಿಹರನಿಗೆ ಬೇಕಾದುದು ಮನುಷ್ಯನ ದುಃಖದ ಆಳದಿಂದ ಬಗೆದು ತೆಗೆದ ಅರಿವು. ಅದಕ್ಕೆ ಕಾಲೂರಿ ನಿಲ್ಲುವ ನೆಲ ಬೇಕು.

ಚಾಮರಸನ ಬನವಾಸಿ ಹಾಗಲ್ಲ. ಹೆಸರೇನೋ ನಿಜವಾದ ಊರಿನದು. ವರದಾನದಿಯ ದಡದ, ಕದಂಬರು ಆಳಿದ, ಮಧುಕೇಶ್ವರನಿರುವ ಬನವಾಸಿಯೇ ಅದು. ಆದರೆ ಅಲ್ಲಿಯ ಅರಸನ ಹೆಸರು ಮಮಕಾರ, ರಾಣಿ ಮೋಹಿನಿ, ಅವರ ಮಗಳು ಮಾಯೆ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಈ ಹೆಸರುಗಳ ಜನರು ಯಾವ ಶಾಸನದಲ್ಲಿ ದೊರೆತಾರು? ಮಮಕಾರನು ಆಳುವ ಪಟ್ಟಣ ಎಲ್ಲಿದೆಯೆಂದು ತಿಳಿಯಲು ಯಾತ್ರೆ ಹೋಗಬೇಕಾಗಿಲ್ಲ. ಕಣ್ಣು ಮುಚ್ಚಿ ಕುಳಿತರೆ ಸಾಕು. ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನು 25 ಗತಿಗಳ ತನ್ನ ಕಾವ್ಯದಲ್ಲಿ ಓದುಗರಿಗೆ ಪರಿಚಿತವಾದ ಊರಿನ ಹೆಸರನ್ನು ಹೊರಗೋಡೆಯಾಗಿ ನಿಲ್ಲಿಸಿ, ಒಳಗೆ ಜೀವನ ಅಂತರಂಗವನ್ನೇ ರಾಜಧಾನಿಯಾಗಿ ಕಟ್ಟಿದ್ದಾನೆ. ಅಲ್ಲಮನು ಮಾಯೆಯ ಕೈಗೆ ಸಿಕ್ಕದೆ ಹೋಗುವ ಪ್ರಸಂಗ ಆ ಅಂತರಂಗದ ಬನವಾಸಿಯಲ್ಲಿ ಮಾತ್ರ ಪೂರ್ಣಾರ್ಥವನ್ನು ಪಡೆಯುತ್ತದೆ. ಅದನ್ನು ಮದ್ದಳೆಗಾರನೊಬ್ಬನು ರಾಜಕುಮಾರಿಯನ್ನು ತೊರೆದು ಹೋದ ಊರಿನ ಸುದ್ದಿಯನ್ನಾಗಿ ಓದುವವನು ಕಾವ್ಯದ ಬಾಗಿಲಿನಲ್ಲಿಯೇ ನಿಂತು ಹಿಂದಿರುಗಿದಂತೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಒಂದು ಕಿರುಪರೀಕ್ಷೆಯಲ್ಲಿ ಅಲ್ಲಮಪ್ರಭುವಿನ ಜನ್ಮಸ್ಥಳ ಯಾವುದೆಂಬ ಪ್ರಶ್ನೆಯನ್ನು ಕೊಟ್ಟಿದ್ದೆ. ತರಗತಿಯೆಲ್ಲ ಬನವಾಸಿ ಎಂದು ಬರೆದಿತ್ತು. ಒಬ್ಬ ಹುಡುಗ ಮಾತ್ರ ಬಳ್ಳಿಗಾವಿ ಎಂದು ಬರೆದಿದ್ದ. ನಾನು ಕೆಂಪು ಮಸಿಯಿಂದ ತಪ್ಪು ಎಂದು ಗುರುತು ಹಾಕಿದೆ. ಅವನು ಎದ್ದು ನಿಂತು, “ಸರ್, ನಮ್ಮ ಮುತ್ಯಾ ಬಳ್ಳಿಗಾವಿ ಅಂತ ಹೇಳ್ಯಾನ್ರಿ” ಎಂದ. ಮುತ್ಯಾನ ಮಾತಿಗೆ ಅಂಕವಿಲ್ಲವೆಂದು ಹೇಳಿ ನಾನು ಅವನನ್ನು ಕೂಡಿಸಿದೆ, ತರಗತಿ ನಕ್ಕಿತು. ಹರಿಹರನ ರಗಳೆಯನ್ನು ಆ ವೇಳೆಗೆ ನಾನು ಹೆಸರಿನಿಂದ ಬಲ್ಲವನಾಗಿದ್ದೆನೇ ಹೊರತು ಓದಿರಲಿಲ್ಲ. ಕೆಲವು ವರ್ಷಗಳ ಮೇಲೆ ಓದಿದಾಗ ಕೆಂಪು ಮಸಿಯ ಆ ಗುರುತು ನನ್ನ ಮೇಲೆಯೇ ಬಿದ್ದಂತಾಯಿತು. ಅಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟು ಹೋಗಿದ್ದ. ಅವನ ಮುತ್ಯಾ ಒಂದು ಪರಂಪರೆಯನ್ನು ಬಾಯಲ್ಲಿ ಉಳಿಸಿಕೊಂಡು ಬಂದಿದ್ದರು. ನಾನು ಪುಸ್ತಕ ಹಿಡಿದು ಅದನ್ನು ಒಂದು ಗೆರೆಯಿಂದ ಹೊಡೆದುಹಾಕಿದ್ದೆ. ಪ್ರಶ್ನೆಯನ್ನು ‘ಚಾಮರಸನ ಪ್ರಕಾರ’ ಎಂದು ಆರಂಭಿಸಿದ್ದರೆ ನನ್ನ ಅಂಕಗಳಾದರೂ ನ್ಯಾಯವಾಗಿರುತ್ತಿದ್ದವು. ಒಂದು ಕಾವ್ಯದ ಊರನ್ನು ಎಲ್ಲ ಕಾವ್ಯಗಳ ಊರೆಂದು ಹಿಡಿದದ್ದು ನನ್ನ ತಪ್ಪು.

ಇದೇ ಬಗೆಯ ತಪ್ಪನ್ನು ನಾವು ವಚನಗಳ ವಿಷಯದಲ್ಲಿಯೂ ಮಾಡುತ್ತೇವೆ. ವಚನ ಕಥೆಯಲ್ಲ, ನಿಜ. ಆದರೆ ಅದನ್ನು ಓದುವಾಗಲೂ ನಾವು ಒಂದು ರಂಗಸ್ಥಳವನ್ನು ಕಲ್ಪಿಸಿಕೊಳ್ಳುತ್ತೇವೆ. ಆ ರಂಗಸ್ಥಳ ಯಾವಾಗಲೂ ಕಲ್ಯಾಣವೇ ಆಗಿರುತ್ತದೆ. ಶೂನ್ಯಸಂಪಾದನೆಯ ಕರ್ತೃಗಳು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಜೋಡಿಸಿ, ಸನ್ನಿವೇಶಗಳನ್ನು ಕಲ್ಪಿಸಿ, ಕನ್ನಡಕ್ಕೆ ಅಪೂರ್ವವಾದ ಒಂದು ಕೃತಿಯನ್ನು ಕೊಟ್ಟರು. ಅದರ ಪ್ರಭಾವದಿಂದ ಎಲ್ಲ ಶರಣರೂ ಎಲ್ಲ ವಚನಗಳನ್ನೂ ಒಂದೇ ಮಂಟಪದಲ್ಲಿ ಕುಳಿತು ಹೇಳಿದರೆಂಬ ಭಾವನೆ ಬೇರೂರಿತು. ಆ ಕೃತಿಯಲ್ಲಿಯೇ ಪ್ರಭುದೇವರು ಸಿದ್ಧರಾಮನನ್ನು ಕಾಣುವುದು ಸೊನ್ನಲಿಗೆಯಲ್ಲಿ ಎಂಬುದನ್ನೂ ನಾವು ಮರೆಯುತ್ತೇವೆ. ಅಂಬಿಗರ ಚೌಡಯ್ಯನ ನೆನಪು ಉಳಿದಿರುವುದು ತುಂಗಭದ್ರೆಯ ದಡದ ಚೌಡದಾನಪುರದಲ್ಲಿ. ಅಂತಹ ದೊಡ್ಡ ಹೊಳೆ ಕಲ್ಯಾಣದ ಮಗ್ಗುಲಲ್ಲಿ ಹರಿಯುವುದಿಲ್ಲ. ದೋಣಿ, ಹುಟ್ಟು, ಮಡು, ಆಚೆಯ ದಡ ಇವು ಅವನ ವಚನಗಳಲ್ಲಿ ಬಂದಾಗ ಮಂಟಪದ ನೆರಳಿನಲ್ಲಿ ಕುಳಿತು ಓದುವವನಿಗೆ ಅವು ಬರಿಯ ರೂಪಕಗಳು. ಹೊಳೆಯ ದಡದಲ್ಲಿ ನಿಂತು ಓದುವವನಿಗೆ ಅವು ಮೊದಲು ಕಾಯಕ, ಆಮೇಲೆ ರೂಪಕ. ಶರಣರು ಒಪ್ಪಿಕೊಂಡ ಕ್ರಮವೂ ಅದೇ ಅಲ್ಲವೆ?

ಇಲ್ಲಿಂದ ಇನ್ನೊಂದು ವಿಚಾರ ಹುಟ್ಟುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಓದುಗನು ಊರನ್ನು ತಂದಾಗ ಆ ಊರಿನ ಜನರನ್ನೂ ಜೊತೆಯಲ್ಲಿ ತರುತ್ತಾನೆ. ಕಥೆಗಾರನು ‘ಒಂದೂರು’ ಎಂದೊಡನೆ ನಮ್ಮ ಕಣ್ಣಿಗೆ ಕಾಣುವುದು ಅಗಸೆಯ ಒಳಗಿನ ಊರು. ಅಗಸೆಯ ಹೊರಗಿನ ಕೇರಿ ಆ ಚಿತ್ರದಲ್ಲಿ ತಾನಾಗಿ ಬರುವುದಿಲ್ಲ. ಕವಿಯು ಹೆಸರಿಟ್ಟು ಹೇಳಿದರೆ ಮಾತ್ರ ಬರುತ್ತದೆ. ಪಾತ್ರವೊಂದರ ಕುಲವನ್ನು ಹೇಳದಿದ್ದರೆ ಅದು ನಮ್ಮ ಕುಲವೇ ಇರಬೇಕೆಂದು ಎಣಿಸುತ್ತೇವೆ. ಶಾಲೆಯ ಮಕ್ಕಳ ಆ ಚಿತ್ರಗಳಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಕೇರಿಯಿಂದ ಬರುತ್ತಿದ್ದ ಹುಡುಗನೊಬ್ಬ ಸ್ಮಶಾನದ ಪಕ್ಕದಲ್ಲಿ ಒಂದು ಮನೆಯನ್ನು ಬರೆದು ಅದಕ್ಕೆ ಬಾಗಿಲು, ಒಲೆ, ಹೊಗೆ ಎಲ್ಲವನ್ನೂ ಇಟ್ಟಿದ್ದ. ಇದು ಯಾರ ಮನೆ ಎಂದು ಕೇಳಿದ್ದಕ್ಕೆ ವೀರಬಾಹುಕನದು ಎಂದ. ಅಯೋಧ್ಯೆಯ ಅರಸನು ದುಡಿಯಲು ಹೋದ ಮನೆಯೊಂದು ಅಲ್ಲಿರಲೇಬೇಕೆಂಬುದು ಉಳಿದ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ಚೋಮನ ದುಡಿ ಈ ಅಭ್ಯಾಸಕ್ಕೆ ದೊಡ್ಡ ಪೆಟ್ಟು ಕೊಟ್ಟ ಕೃತಿ. ಅಲ್ಲಿ ಓದುಗನು ನಿಲ್ಲಬೇಕಾದ ಜಾಗ ಚೋಮನ ಗುಡಿಸಲಿನ ಮುಂದೆ. ಒಡೆಯರ ಮನೆ ದೂರದಲ್ಲಿದೆ. ಬೇಸಾಯದ ನೆಲ ಅದಕ್ಕಿಂತಲೂ ದೂರದಲ್ಲಿದೆ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಿ ಎತ್ತಲು ಯಾರೂ ಮುಂದೆ ಬರುವುದಿಲ್ಲ. ಆ ಹೊಳೆಯನ್ನು ನಾವು ನಮ್ಮ ಊರಿನ ಹೊಳೆಯೆಂದು ಭಾವಿಸಿಕೊಂಡರೂ ತಪ್ಪಿಲ್ಲ. ಆದರೆ ಅದರ ಯಾವ ದಡದಲ್ಲಿ ನಿಂತಿದ್ದೇವೆಂಬುದನ್ನು ಕೇಳಿಕೊಳ್ಳದೆ ಓದಿದರೆ ಕೃತಿಯನ್ನು ಓದಿದಂತಾಗುವುದಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಹೆಸರುಗಳನ್ನು ನಿತ್ಯ ಸ್ಮರಿಸುವ ನಾವು ಅವರ ಮನೆಗಳು ಊರಿನ ಯಾವ ಭಾಗದಲ್ಲಿದ್ದವೆಂದು ಎಂದಾದರೂ ಯೋಚಿಸಿದ್ದೇವೆಯೆ? ನಮ್ಮ ಕಲ್ಪನೆಯಲ್ಲಿ ಅವರೆಲ್ಲರೂ ಮಂಟಪದ ಕಂಬಗಳ ನಡುವೆ ಶುಭ್ರವಸ್ತ್ರ ಧರಿಸಿ ಕುಳಿತಿದ್ದಾರೆ. ಅವರು ಅಲ್ಲಿಗೆ ನಡೆದುಬಂದ ದಾರಿ ನಮ್ಮ ಚಿತ್ರದಲ್ಲಿಲ್ಲ. ಆ ದಾರಿಯನ್ನು ಬಿಟ್ಟರೆ ಅವರ ಸಾಹಸದ ಅಳತೆಯೇ ಸಿಕ್ಕುವುದಿಲ್ಲ.

ಹಾಗಾದರೆ ಓದುಗನು ಮಾಡಬೇಕಾದುದೇನು? ತನ್ನ ಊರನ್ನು ಬಿಟ್ಟು ಬರಿಗೈಯಲ್ಲಿ ಕಾವ್ಯವನ್ನು ಪ್ರವೇಶಿಸಬೇಕೆಂದು ಹೇಳುವುದು ಅಸಾಧ್ಯವನ್ನು ಹೇಳಿದಂತೆ. ಓದಿ ಮುಗಿಸಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿ, ಕವಿ ಹೇಳಿದ್ದು ಯಾವುದು, ತಾನು ಸೇರಿಸಿದ್ದು ಯಾವುದು ಎಂದು ವಿಂಗಡಿಸಿದರೆ ಸಾಕು. ಊರಿನ ಹೆಸರಿದ್ದರೆ ಆ ಊರು ಅಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಹೆಸರಿಲ್ಲದಿದ್ದರೆ ಏಕಿಲ್ಲ ಎಂದು ಕೇಳಬೇಕು. ಕಣ್ಣಿಗೆ ಕಟ್ಟಿದ ಚಿತ್ರ ಪುಸ್ತಕದಿಂದ ಬಂದದ್ದೋ, ಬೆಳ್ಳಿತೆರೆಯಿಂದ ಬಂದದ್ದೋ ಎಂಬುದನ್ನು ಪರೀಕ್ಷಿಸಬೇಕು. ಕಡೆಯದಾಗಿ, ತನ್ನ ಚಿತ್ರದಲ್ಲಿ ಯಾರ ಮನೆ ಬಿಟ್ಟುಹೋಗಿದೆ ಎಂದು ಎಣಿಸಿ ನೋಡಬೇಕು. ಅಧ್ಯಾಪಕರಾದವರು ಇಂತಹ ನಾಲ್ಕು ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳುವ ರೂಢಿ ಮಾಡಿಕೊಂಡರೆ ಅಲಂಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚಿನ ಪ್ರಯೋಜನವಾದೀತು.

ಬನವಾಸಿಗೂ ಬಳ್ಳಿಗಾವೆಗೂ ನಾನು ನಿವೃತ್ತನಾದ ಮೇಲೆ ಹೋಗಿ ಬಂದೆ. ಮಧುಕೇಶ್ವರನ ಗುಡಿಯಲ್ಲಿ ನಿಂತಾಗ ಮಮಕಾರನ ಅರಮನೆ ಎಲ್ಲಿದ್ದೀತೆಂದು ಹುಡುಕುವ ಆಸೆ ಹುಟ್ಟಲಿಲ್ಲ. ಅದರ ವಿಳಾಸ ಈಗ ನನಗೆ ತಿಳಿದಿದೆ. ಬಳ್ಳಿಗಾವೆಯಲ್ಲಿ ಕೇದಾರೇಶ್ವರನಿಗೆ ಕೈಮುಗಿದು ಹೊರಬಂದು, ಎಲ್ಲಿಯೋ ಇರುವ ಆ ಹುಡುಗನನ್ನೂ ಅವನ ಮುತ್ಯಾನನ್ನೂ ನೆನೆದು, ಅಂದು ಕೊಡದೆ ಉಳಿಸಿಕೊಂಡ ಒಂದು ಅಂಕವನ್ನು ಮನಸ್ಸಿನಲ್ಲಿಯೇ ಕೊಟ್ಟು ಬಂದೆನು.